ಕ್ಲಾರಿನೆಟ್ ಹಿಡಿದು ದೇಶ ಸುತ್ತುವವರ ಕೆಲಸ

(ಮಂಗಳೂರಿನಲ್ಲಿ ಸಂಗೀತ ವಿದ್ಯಾರ್ಥಿಗಳು, ಬ್ಯಾಂಡ್ ವಾದಕರು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಕ್ಲಾರಿನೆಟ್ ಈ ಊರಿಗೆ ಹೊಸತಲ್ಲ. ಚರ್ಚಿನ ಹಬ್ಬದಲ್ಲಿ, ಮದುವೆಯ ಬ್ಯಾಂಡಿನಲ್ಲಿ ನೀವೆಲ್ಲ ಅದನ್ನು ಕೇಳಿದವರೇ. ಅದರ ಹತ್ತಿರದ ನೆಂಟ ಸ್ಯಾಕ್ಸೋಫೋನಂತೂ ನಮ್ಮ ದೇವಸ್ಥಾನದ ಉತ್ಸವಕ್ಕೂ ಕೋಲಕ್ಕೂ ಬಂದು ಇಲ್ಲಿಯದೇ ಆಗಿಬಿಟ್ಟಿದೆ. ಕದ್ರಿ ಗೋಪಾಲನಾಥರು 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಹಾಗಾಗಿ ಕರಾವಳಿಯಿಂದ ಹೊರಟ ಊದುವ ವಾದ್ಯ ಅಷ್ಟು ದೊಡ್ಡ ವೇದಿಕೆಗೆ ಹೋದೀತೇ ಎಂದು ಯಾರೂ ಕೇಳಬೇಕಾಗಿಲ್ಲ. ಇವತ್ತಿನ ವಿಷಯ ಅದಕ್ಕಿಂತ ಸಣ್ಣದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕ್ಲಾರಿನೆಟ್ ನುಡಿಸುತ್ತ ದೇಶದಿಂದ ದೇಶಕ್ಕೆ ಹೋಗುವವರ ಕೆಲಸ ದಿನದಿನಕ್ಕೆ ಹೇಗಿರುತ್ತದೆ, ಅದು ಎಲ್ಲಿ ಕೈಕೊಡುತ್ತದೆ ಎಂಬುದು.

ಚೆನ್ನಾಗಿ ನುಡಿಸುವವರು ಜಗತ್ತಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ವಾರ ಸೆಕೆಯ ಊರಿನಲ್ಲಿ, ಮುಂದಿನ ವಾರ ಹಿಮ ಬೀಳುವ ಊರಿನಲ್ಲಿ, ಎರಡೂ ಕಡೆ ಒಂದೇ ನಾದ, ಒಂದೇ ಶ್ರುತಿ, ಒಂದೇ ಹಿಡಿತ ಉಳಿಸಿಕೊಳ್ಳುವವರು ಕಡಿಮೆ. ಕೆಲಸ ಸಿಗುವುದು ಅವರಿಗೆ. ಮುಂದೆ ನಾನು ರೀಡ್ (ಬಾಯಿಗಿಡುವ ತುದಿಗೆ ಕಟ್ಟುವ, ಊದಿದಾಗ ಕಂಪಿಸುವ ಜೊಂಡಿನ ತೆಳು ಪಟ್ಟಿ), ಮರ, ತೆರಿಗೆ, ವೀಸಾ ಅಂತ ಏನೇ ಮಾತಾಡಿದರೂ ಅದು ಈ ಒಂದು ವಿಷಯಕ್ಕೇ ಸೇರಿದ್ದು.

ಮೊದಲು ಪೆಟ್ಟಿಗೆ ತೆರೆದು ನೋಡುವ. ವೃತ್ತಿಪರರ ಪೆಟ್ಟಿಗೆಯಲ್ಲಿ ಎರಡು ಕ್ಲಾರಿನೆಟ್ ಇರುತ್ತವೆ, ಬಿ ಫ್ಲಾಟ್ ಶ್ರುತಿಯದು ಒಂದು, ಎ ಶ್ರುತಿಯದು ಒಂದು. ಬಿ ಫ್ಲಾಟ್ ಸುಮಾರು 66 ಸೆಂಟಿಮೀಟರ್ ಉದ್ದ. ಎ ಅದಕ್ಕಿಂತ ಒಂದು ನಾಲ್ಕು ಸೆಂಟಿಮೀಟರ್ ಹೆಚ್ಚು, ಶ್ರುತಿಯಲ್ಲಿ ಅರ್ಧ ಸ್ವರ ಕೆಳಗೆ. ಬಾಯಿಗಿಟ್ಟು ಊದುವ ಮೌತ್‌ಪೀಸ್ ಮಾತ್ರ ಒಂದೇ, ಇದರಿಂದ ತೆಗೆದು ಅದಕ್ಕೆ ಹಾಕುವುದು. ಎರಡು ಯಾಕೆ ಅಂದರೆ, ಈ ವಾದ್ಯದ ಕೊಳವೆ ಸಿಲಿಂಡರ್ ಆಕಾರದ್ದು, ಬಾಯಿಯ ಕಡೆ ಮುಚ್ಚಿದಂತೆ ಕೆಲಸ ಮಾಡುತ್ತದೆ. ಕೊಳಲಿನಲ್ಲಿ, ಸ್ಯಾಕ್ಸೋಫೋನಿನಲ್ಲಿ ಅದೇ ಬೆರಳಿಟ್ಟು ಮೇಲಿನ ಸ್ಥಾಯಿಗೆ ಹೋದರೆ ಎಂಟನೆಯ ಸ್ವರ, ಅಂದರೆ ತಾರ ಷಡ್ಜವೇ ಬರುತ್ತದೆ. ಕ್ಲಾರಿನೆಟ್ಟಿನಲ್ಲಿ ಬರುವುದು ಹನ್ನೆರಡನೆಯ ಸ್ವರ, ತಾರ ಸ್ಥಾಯಿಯ ಪಂಚಮ. ಕೆಳಗೂ ಮೇಲೂ ಬೆರಳಿನ ಲೆಕ್ಕವೇ ಬೇರೆಯಾಗುವುದರಿಂದ ಕೆಲವು ಶ್ರುತಿಗಳಲ್ಲಿ ಬೆರಳು ವಿಪರೀತ ತೊಡಕಾಗುತ್ತದೆ. ಹಾಗಾಗಿ ಶಾರ್ಪ್, ಅಂದರೆ ಅರ್ಧ ಸ್ವರ ಏರಿಸಿದ ಸ್ವರಗಳು, ಹೆಚ್ಚಿರುವ ಕೃತಿಗಳಿಗೆ ಸಂಯೋಜಕರು ಎ ಕ್ಲಾರಿನೆಟ್ ಬರೆದರು. ಮೊಜಾರ್ಟನ ಕನ್ಚರ್ಟೋ (ಏಕವಾದಕರು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ), ರಹ್ಮಾನಿನೋವ್‌ನ ಎರಡನೆಯ ಸಿಂಫನಿಯ ನಿಧಾನ ಭಾಗದ ಆ ಉದ್ದದ ಸೋಲೋ, ಕೊದಾಯಿಯ ಗಲಾಂಟಾ ನೃತ್ಯಗಳು, ಎಲ್ಲವೂ ಎ ಕ್ಲಾರಿನೆಟ್ಟಿನವೇ.

ಇಲ್ಲಿಯೇ ಮೊದಲ ತೊಂದರೆ. ಬಿ ಫ್ಲಾಟ್ ನುಡಿಸುತ್ತಿರುವಾಗ ಎ ಸ್ಟ್ಯಾಂಡಿನಲ್ಲಿ ತಣ್ಣಗೆ ಕೂತಿರುತ್ತದೆ. ತಣ್ಣಗಿನ ವಾದ್ಯದ ಶ್ರುತಿ ಇಳಿದಿರುತ್ತದೆ. ಬಿಡುವಿಲ್ಲದೆ ಬದಲಾಯಿಸಿ ಸೋಲೋ ಹಿಡಿದರೆ ಮೊದಲ ನಾಲ್ಕು ಮಾತ್ರೆಯಲ್ಲೇ ಮಾನ ಹೋಗುತ್ತದೆ. ಅನುಭವಿಗಳು ಆ ಸೋಲೋ ಬರುವ ಮೊದಲು ಸಿಕ್ಕ ವಿರಾಮದಲ್ಲಿ ಎ ಎತ್ತಿಕೊಂಡು, ಸದ್ದು ಬರದಂತೆ ಬಿಸಿಯುಸಿರನ್ನು ಒಳಗೆ ಹಾಯಿಸಿ, ಮೇಲಿನ ತುಂಡನ್ನು ಕೈಯಲ್ಲಿ ಅದುಮಿ ಹಿಡಿದಿರುತ್ತಾರೆ. ಸ್ವರಲಿಪಿಯ ಆ ಜಾಗದಲ್ಲಿ ಪೆನ್ಸಿಲ್ ಗುರುತು ಇರುತ್ತದೆ.

ಇನ್ನೊಂದು ಮುಖ್ಯ ವಿಷಯ. ಇದನ್ನು ಪೋಷಕರು ದಯವಿಟ್ಟು ಗಮನಿಸಬೇಕು. ಭಾರತ, ಫ್ರಾನ್ಸ್, ಇಂಗ್ಲೆಂಡ್, ಅಮೆರಿಕ, ಇಲ್ಲೆಲ್ಲ ಇರುವುದು ಬೋಮ್ ಪದ್ಧತಿಯ ಕ್ಲಾರಿನೆಟ್, ರಂಧ್ರ ಮುಚ್ಚಿ ತೆರೆಯುವ 17 ಕೀ, ಬೆರಳಿಡುವ ರಂಧ್ರಗಳ ಸುತ್ತ ಆರು ಉಂಗುರ. ಜರ್ಮನಿಯಲ್ಲಿ ಓಲರ್ ಪದ್ಧತಿ. ಕೀಗಳ ಜೋಡಣೆ ಬೇರೆ, ಕೊಳವೆಯ ಒಳಗಿನ ಅಳತೆ ಬೇರೆ, ಮೌತ್‌ಪೀಸ್ ಬೇರೆ, ನಾದ ಬೇರೆ. ಜರ್ಮನಿಯ ಹೆಚ್ಚಿನ ಸಿಂಫನಿ ಆರ್ಕೆಸ್ಟ್ರಾಗಳು ಕೆಲಸಕ್ಕೆ ಕರೆಯುವಾಗ ಜರ್ಮನ್ ಪದ್ಧತಿಯ ವಾದ್ಯವನ್ನೇ ಕೇಳುತ್ತವೆ. ಆಸ್ಟ್ರಿಯಾದಲ್ಲೂ ತಮ್ಮದೇ ವಿಯೆನ್ನಾ ಮಾದರಿ ಉಂಟು. ಶುಲ್ಕ ಕಡಿಮೆ ಎಂದು ಮಗುವನ್ನು ಜರ್ಮನಿಗೆ ಕಳುಹಿಸಿ, ಆರು ವರ್ಷ ಬೋಮ್‌ನಲ್ಲೇ ಕಲಿಸಿ, ಆಮೇಲೆ ಅಲ್ಲಿಯ ಆರ್ಕೆಸ್ಟ್ರಾದಲ್ಲಿ ಕೆಲಸ ಹುಡುಕಿದರೆ ಹೆಚ್ಚಿನ ಬಾಗಿಲುಗಳು ಮೊದಲೇ ಮುಚ್ಚಿರುತ್ತವೆ. ಎಲ್ಲಿ ಕೆಲಸ ಮಾಡಬೇಕು ಎಂದು ಮೊದಲು ಯೋಚಿಸಿ, ಎಲ್ಲಿ ಕಲಿಯಬೇಕು ಎಂದು ಆಮೇಲೆ.

ಈಗ ಮರ. ಒಳ್ಳೆಯ ಕ್ಲಾರಿನೆಟ್ ಆಫ್ರಿಕದ ಕರಿಮರದ್ದು, ವ್ಯಾಪಾರದಲ್ಲಿ ಗ್ರೆನಡಿಲ್ಲಾ ಎನ್ನುತ್ತಾರೆ, ತಾಂಜಾನಿಯಾ, ಮೊಜಾಂಬಿಕ್ ಕಡೆಯಿಂದ ಬರುವುದು. ಬಹಳ ಗಟ್ಟಿ ಮರ, ಆದರೂ ಮರವೇ. ಒಳಗಿನಿಂದ ಬಿಸಿಯಾದ, ಒದ್ದೆಯಾದ ಉಸಿರು ಹೋಗಿ ಒಳಮೈ ಹಿಗ್ಗುತ್ತದೆ. ಹೊರಗೆ ಚಳಿ, ಒಣ ಗಾಳಿ, ಹೊರಮೈ ಹಿಗ್ಗುವುದಿಲ್ಲ. ಈ ಎಳೆದಾಟದಲ್ಲಿ ಮರ ಸೀಳುತ್ತದೆ. ಸೀಳುವುದು ಹೆಚ್ಚಾಗಿ ಮೇಲಿನ ತುಂಡಿನಲ್ಲಿ, ಯಾಕೆಂದರೆ ಉಸಿರು ಮೊದಲು ತಾಗುವುದು ಅಲ್ಲಿಗೆ. ಸೀಳು ಸ್ವರರಂಧ್ರದವರೆಗೆ ಹೋದರೆ ಗಾಳಿ ಸೋರಿ ಅದರ ಕೆಳಗಿನ ಸ್ವರಗಳೆಲ್ಲ ಕೆಡುತ್ತವೆ.

ನಮ್ಮ ಕರಾವಳಿಯವರಿಗೆ ಇದು ಇಮ್ಮಡಿ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ತೇವಾಂಶ ಶೇಕಡಾ 80–90ರ ಆಸುಪಾಸು. ವಾದ್ಯಕ್ಕೆ ಹಿತವಾದದ್ದು 40ರಿಂದ 60. ಮಳೆಗಾಲದಲ್ಲಿ ಮರ ಉಬ್ಬಿ ತುಂಡುಗಳ ಜೋಡಣೆ ಬಿಗಿಯಾಗುತ್ತದೆ. ಆಗ ಬಲ ಹಾಕಿ ತಿರುಗಿಸಬೇಡಿ, ಕೀ ಬಾಗುತ್ತದೆ. ನುಡಿಸಿದ ಕೂಡಲೇ ಬಿಚ್ಚಿ, ಬಟ್ಟೆ ಎಳೆದು ಒರೆಸಿ, ಜೋಡಣೆಯ ತುದಿಗಳನ್ನೂ ಒರೆಸಿ ಇಡಿ. ಕೀಗಳ ಕೆಳಗಿನ ಚರ್ಮದ ಪೊರೆಯ ಪ್ಯಾಡ್‌ಗಳು ಊದಿಕೊಂಡು ರಂಧ್ರ ಸರಿಯಾಗಿ ಮುಚ್ಚುವುದಿಲ್ಲ. ಪಣಂಬೂರು, ಮಲ್ಪೆ ಕಡೆಯ ಉಪ್ಪು ಗಾಳಿಗೆ ಕೀಗಳ ಉಕ್ಕಿನ ಸೂಜಿ ಸ್ಪ್ರಿಂಗ್‌ಗಳು ತುಕ್ಕು ಹಿಡಿದು ಹೇಳದೆ ಕೇಳದೆ ಮುರಿಯುತ್ತವೆ. ಮೇಲಿನ ತುಂಡಿಗೆ ಕಾರ್ಕ್ ಪ್ಯಾಡ್ ಹಾಕಿಸಿದರೆ ಅರ್ಧ ತಲೆನೋವು ಹೋಗುತ್ತದೆ. ಸ್ಪ್ರಿಂಗಿಗೆ ವರ್ಷಕ್ಕೆರಡು ಸಲ ಸೂಜಿತುದಿಯಷ್ಟು ಎಣ್ಣೆ ಮುಟ್ಟಿಸಿದರೆ ಸಾಕು. ಇದೇ ವಾದ್ಯವನ್ನು ಡಿಸೆಂಬರ್‌ನಲ್ಲಿ ಹೀಟರ್ ಹಾಕಿದ ಉತ್ತರ ಯೂರೋಪಿನ ಹಾಲ್‌ಗೆ ಒಯ್ದರೆ ಅಲ್ಲಿ ತೇವಾಂಶ 25–30ಕ್ಕೂ ಇಳಿದಿರಬಹುದು. ಉಬ್ಬಿದ್ದ ಮರ ಕುಗ್ಗಿ, ಜೋಡಣೆಯ ಲೋಹದ ಉಂಗುರಗಳು ಸಡಿಲವಾಗಿ ಉದುರುತ್ತವೆ. ಉಂಗುರ ಸಡಿಲವಾದದ್ದು ಎಚ್ಚರಿಕೆ. ಅದನ್ನು ನೋಡಿಯೂ ನುಡಿಸಿದರೆ ಮುಂದಿನದು ಸೀಳು.

ಏನು ಮಾಡಬೇಕು? ವಾದ್ಯವನ್ನು ಸಾಮಾನಿನ ಜೊತೆ ವಿಮಾನದ ಹೊಟ್ಟೆಗೆ ಹಾಕಬೇಡಿ, ಕೈಚೀಲವಾಗಿಯೇ ಒಯ್ಯಿರಿ. ಹಾಲ್ ತಲುಪಿದ ಮೇಲೆ ಪೆಟ್ಟಿಗೆ ಮುಚ್ಚಿಯೇ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಆಮೇಲೆ ಮೇಲಿನ ತುಂಡನ್ನು ಕಂಕುಳಲ್ಲಿಟ್ಟು ಹೊರಗಿನಿಂದ ಬೆಚ್ಚಗೆ ಮಾಡಿ, ಊದುವುದು ಕೊನೆಗೆ. ಪೆಟ್ಟಿಗೆಯಲ್ಲಿ ತೇವ ಸಮತೋಲನದ ಸಣ್ಣ ಪೊಟ್ಟಣ ಇರಲಿ. ಹೊಸ ವಾದ್ಯವಾದರೆ ಮೊದಲ ಎರಡು ವಾರ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಬೇಡ. ಕರಿಮರದ ಪುಡಿಗೆ ಕಾರ್ಬನ್ ನಾರು ಬೆರೆಸಿ ಅಚ್ಚು ಹಾಕಿದ ಕ್ಲಾರಿನೆಟ್‌ಗಳೂ ಈಗ ಉಂಟು. ಬುಫೆ ಕ್ರಾಂಪೋನ್ ಕಂಪನಿಯ ಗ್ರೀನ್‌ಲೈನ್ ಅಂಥದ್ದು. ಅದು ಸೀಳುವುದಿಲ್ಲ, ಕೆಳಗೆ ಬಿದ್ದರೆ ಮಾತ್ರ ಜೋಡಣೆಯ ಕುತ್ತಿಗೆಯಲ್ಲಿ ಪಟಕ್ಕನೆ ಮುರಿಯಬಹುದು. ಮಂಗಳೂರಿನಲ್ಲಿದ್ದುಕೊಂಡು ಹೊರದೇಶಕ್ಕೆ ಹೋಗಿಬರುವವರಿಗೆ ನನ್ನ ಸಲಹೆ ಅದೇ.

ಮರದ ಕಾಗದಪತ್ರದ ಬಗ್ಗೆಯೂ ಒಂದು ಮಾತು. 2017ರ ಜನವರಿಯಲ್ಲಿ ಈ ಕುಲದ ಮರಗಳನ್ನೆಲ್ಲ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಗೆ, ಅಂದರೆ ವ್ಯಾಪಾರಕ್ಕೆ ಪರವಾನಗಿ ಬೇಕಾದವುಗಳ ಪಟ್ಟಿಗೆ, ಸೇರಿಸಿದರು, ವಾದಕರು ಗಾಬರಿಯಾದರು. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಇದೆ. ಕಸ್ಟಮ್ಸ್ ವಿಷಯ ಬೇರೆ. ಬಜ್ಪೆಯಿಂದಲೇ ಹೊರಡಲಿ, ಬೆಂಗಳೂರಿನಿಂದಲೇ ಹೊರಡಲಿ, ಹೋಗುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ವಾದ್ಯದ ಕ್ರಮಸಂಖ್ಯೆ ಬರೆಸಿ ರಫ್ತು ಪ್ರಮಾಣಪತ್ರ ತೆಗೆದುಕೊಳ್ಳಿ. ಇಲ್ಲದಿದ್ದರೆ ವಾಪಸು ಬರುವಾಗ, ಇದು ಅಲ್ಲಿ ಕೊಂಡದ್ದಲ್ಲ ಎಂದು ಸಾಧಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ.

ರೀಡ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕೆಂದರೆ ವಾದಕರ ದಿನದಲ್ಲಿ ಹೆಚ್ಚು ಹೊತ್ತು ತಿನ್ನುವುದೂ ಅದೇ. ಅದು ಅರುಂಡೋ ಡೊನಾಕ್ಸ್ ಎಂಬ ಜೊಂಡು. ಹೆಸರುವಾಸಿ ಬೆಳೆ ದಕ್ಷಿಣ ಫ್ರಾನ್ಸಿನ ವಾರ್ ಜಿಲ್ಲೆಯದು. ಹತ್ತು ರೀಡಿನ ಪೆಟ್ಟಿಗೆ ತಂದರೆ ಕಚೇರಿಗೆ ಆಗುವಂಥದ್ದು ಎರಡೋ ಮೂರೋ. ಹೊಸ ರೀಡನ್ನು ಮೊದಲ ದಿನವೇ ಒಂದು ಗಂಟೆ ನುಡಿಸಿದರೆ ಅದರ ನಾರು ನೀರು ಕುಡಿದು ಸತ್ತುಹೋಗುತ್ತದೆ. ಮೊದಲ ದಿನ ಎರಡು ಮೂರು ನಿಮಿಷ, ಅದೂ ಮಧ್ಯಮ ಗಟ್ಟಿಯಲ್ಲಿ. ಮರುದಿನ ಐದು, ಆಮೇಲೆ ಹತ್ತು. ಪ್ರತಿ ಸಲ ನುಡಿಸಿದ ಮೇಲೆ ನೀರು ಒರೆಸಿ ಗಾಜಿನ ಮೇಲೆ ಚಪ್ಪಟೆಯಾಗಿ ಒಣಗಿಸಿ. ವಾರ ಕಳೆದು ರೀಡ್ ನೆಲೆಗೊಂಡ ಮೇಲೆ ಹಿಂಬದಿ ಸಮತಟ್ಟಾಗಿದೆಯೇ ನೋಡಿ. ಉಬ್ಬಿದ್ದರೆ ಗಾಜಿನ ಮೇಲೆ 600ನೇ ನಂಬರಿನ ಮರಳು ಕಾಗದ ಇಟ್ಟು ನಾಲ್ಕೈದು ಸಲ ಎಳೆಯಿರಿ, ತುದಿಗೆ ಮುಟ್ಟಿಸಬೇಡಿ. ಹಿಂಬದಿ ಸಮವಿಲ್ಲದ ರೀಡ್ ಮೌತ್‌ಪೀಸಿಗೆ ಕೂರದೆ ಕೀಚಲು ಸದ್ದು ಕೊಡುತ್ತದೆ. ಎಡಕ್ಕೂ ಬಲಕ್ಕೂ ಮೌತ್‌ಪೀಸನ್ನು ಓರೆ ಮಾಡಿ ಊದಿ ನೋಡಿ, ಯಾವ ಬದಿ ಗಡುಸು ಅಂತ ಗೊತ್ತಾಗುತ್ತದೆ. ಆ ಬದಿಯನ್ನು ಮಾತ್ರ ಕೂದಲೆಳೆಯಷ್ಟು ಕೆರೆಯಬೇಕು. ಪ್ರತಿ ರೀಡಿಗೂ ನಂಬರು, ತಾರೀಕು ಬರೆಯಿರಿ. ಆರೇಳು ರೀಡುಗಳನ್ನು ಸರದಿಯಲ್ಲಿ ಇಟ್ಟುಕೊಳ್ಳಿ. ಒಂದನ್ನೇ ಪ್ರೀತಿಸಿ ನುಡಿಸಿದವರಿಗೆ, ಅದು ಸಾಯುವ ದಿನ ಕಚೇರಿಯ ದಿನವೇ ಆಗಿರುತ್ತದೆ.

ಮಳೆಗಾಲದಲ್ಲಿ ಇಲ್ಲಿ ರೀಡಿಗೆ ಬೂಷ್ಟು ಬರುತ್ತದೆ. ಕಪ್ಪು ಚುಕ್ಕೆ ಕಂಡರೆ ಎಸೆಯಿರಿ, ಅದು ಎದೆಯೊಳಗೆ ಹೋಗುವ ಗಾಳಿಯ ದಾರಿ. ಚಳಿಯೂರಿನಲ್ಲಿ ರೀಡಿನ ತುದಿ ಒಣಗಿ ಅಲೆಅಲೆಯಾಗುತ್ತದೆ. ಅಲ್ಲಿಗೆ ಹೋಗುವಾಗ ನಿಮ್ಮ ಮಾಮೂಲಿ ಗಡಸಿನದರ ಜೊತೆ ಕಾಲು ನಂಬರು ಮೇಲಿನದು, ಕೆಳಗಿನದು ಎರಡೂ ಇರಲಿ. ಪಾಲಿಪ್ರೊಪಿಲೀನಿನ ಕೃತಕ ರೀಡುಗಳನ್ನು ಇವತ್ತು ದೊಡ್ಡ ಆರ್ಕೆಸ್ಟ್ರಾಗಳಲ್ಲೂ ನುಡಿಸುತ್ತಾರೆ. ಜೊಂಡಿನ ನಾದದ ಆಳ ನನಗೆ ಇನ್ನೂ ಅದರಲ್ಲಿ ಕೇಳುವುದಿಲ್ಲ. ಆದರೆ ಎರಡು ವಾದ್ಯ ಬದಲಾಯಿಸುತ್ತ ಗಂಟೆಗಟ್ಟಲೆ ಕೂರುವ ಒಪೆರಾದಲ್ಲಿ, ಒಣಗದ ರೀಡಿನ ಬೆಲೆ ಏನೆಂದು ಕೂತವರಿಗೆ ಗೊತ್ತು.

ಶ್ರುತಿಗೆ ಬರುವ. ನಮ್ಮ ಕಚೇರಿಯಲ್ಲಿ ಶ್ರುತಿಪೆಟ್ಟಿಗೆ ವಾದಕರ ಮನೆ ಶ್ರುತಿಗೆ ಹೊಂದಿಕೊಳ್ಳುತ್ತದೆ. ಸಿಂಫನಿಯಲ್ಲಿ ಊರಿನ ಶ್ರುತಿಗೆ ನೀವು ಹೊಂದಿಕೊಳ್ಳಬೇಕು. ಅಮೆರಿಕದಲ್ಲಿ ಸಾಮಾನ್ಯವಾಗಿ ಎ ಸ್ವರ 440 ಹರ್ಟ್ಜ್, ಯೂರೋಪಿನ ಹೆಚ್ಚಿನ ಕಡೆ 442, ಬರ್ಲಿನ್, ವಿಯೆನ್ನಾದಲ್ಲಿ 443. 440ರಿಂದ 443ಕ್ಕೆ ಸುಮಾರು 12 ಸೆಂಟ್ ವ್ಯತ್ಯಾಸ, ಅರ್ಧ ಸ್ವರದ ಎಂಟನೆಯ ಒಂದು ಭಾಗ. ಇದನ್ನು ತುಟಿಯಿಂದ ಸರಿಮಾಡುತ್ತೇನೆ ಎನ್ನುವವರ ತುಟಿ ಕೃತಿಯ ಎರಡನೆಯ ಭಾಗದ ಹೊತ್ತಿಗೆ ಸೋತಿರುತ್ತದೆ. ಬ್ಯಾರಲ್, ಅಂದರೆ ಮೌತ್‌ಪೀಸಿನ ಕೆಳಗಿನ ಗಿಡ್ಡ ತುಂಡು, ಬದಲಾಯಿಸುವುದೇ ಸರಿ ದಾರಿ. 64, 65, 66 ಮಿಲಿಮೀಟರಿನ ಮೂರು ಬ್ಯಾರಲ್ ಪೆಟ್ಟಿಗೆಯಲ್ಲಿರಬೇಕು. ಬ್ಯಾರಲ್ ಎಳೆದು ಶ್ರುತಿ ಇಳಿಸುವಾಗ ಇನ್ನೊಂದು ಗುಟ್ಟು ಉಂಟು. ಎಳೆದಷ್ಟೂ ಗಂಟಲಿನ ಸ್ವರಗಳು, ಅಂದರೆ ಕೊಳವೆಯ ಮೇಲ್ತುದಿಯ ಜಿ, ಎ, ಬಿ ಫ್ಲಾಟ್, ಉಳಿದವಕ್ಕಿಂತ ಹೆಚ್ಚು ಇಳಿಯುತ್ತವೆ. ಒಂದು ಮಿಲಿಮೀಟರಿಗಿಂತ ಹೆಚ್ಚು ಬೇಕಾದರೆ ನಡುವಿನ ಜೋಡಣೆಯನ್ನೂ ಸ್ವಲ್ಪ ಎಳೆದು ಹಂಚಿಕೊಳ್ಳಿ.

ಇನ್ನು ಕೆಲಸ ಸಿಗುವ ದಾರಿ. ಆರ್ಕೆಸ್ಟ್ರಾದ ಒಂದು ಕುರ್ಚಿಗೆ ನೂರಕ್ಕೂ ಹೆಚ್ಚು ಅರ್ಜಿ ಬರುವುದು ಮಾಮೂಲು. ಅಮೆರಿಕದಲ್ಲಿ ಆಯ್ಕೆಯ ಮೊದಲ ಸುತ್ತುಗಳು ಪರದೆಯ ಹಿಂದೆ. ಚಪ್ಪಲಿಯ ಸದ್ದಿನಿಂದ ಗಂಡೋ ಹೆಣ್ಣೋ ಗೊತ್ತಾಗಬಾರದೆಂದು ನೆಲಕ್ಕೆ ಕಂಬಳಿ ಹಾಸುವುದೂ ಉಂಟು. ಮೊದಲು ಕೇಳುವುದು ಹೆಚ್ಚಾಗಿ ಮೊಜಾರ್ಟ್ ಕನ್ಚರ್ಟೋದ ಮೊದಲ ಎರಡು ಪುಟ. ಆಮೇಲೆ ಆರ್ಕೆಸ್ಟ್ರಾ ಕೃತಿಗಳ ತುಣುಕುಗಳು: ಬೀಥೋವನ್‌ನ ಆರನೆಯ, ಎಂಟನೆಯ ಸಿಂಫನಿ, ಬ್ರಾಮ್ಸ್‌ನ ಮೂರನೆಯದು, ಮೆಂಡೆಲ್ಸನ್‌ನ 'ಮಿಡ್‌ಸಮರ್ ನೈಟ್ಸ್ ಡ್ರೀಮ್' ಸ್ಕೆರ್ಟ್ಸೋ. ಪ್ರತಿಯೊಂದೂ ಒಂದೊಂದು ದೋಷ ಹುಡುಕಲು ಇಟ್ಟದ್ದು. ಮೆಂಡೆಲ್ಸನ್ ನಾಲಿಗೆಯನ್ನು ನೋಡುತ್ತದೆ. ವೇಗದಲ್ಲಿ ಪ್ರತಿ ಸ್ವರವೂ ಹಗುರವಾಗಿ, ಸಮವಾಗಿ, ಮೆಲ್ಲಗೆ ಬಿಡಿಬಿಡಿಯಾಗಿ ಬರಬೇಕು. ನಾಲಿಗೆ ಸೋಲುವುದು ನಾಲಿಗೆಯಿಂದಲ್ಲ, ಉಸಿರಿನ ಒತ್ತಡ ನಿಂತುಹೋಗುವುದರಿಂದ. ಬೀಥೋವನ್ ಎಂಟರ ಮಿನುಯೆಟ್‌ನ ನಡುಭಾಗ ಅತಿ ಎತ್ತರದ ಜಿ ಸ್ವರಕ್ಕೆ ಮೆತ್ತಗೆ ಹತ್ತಲು ಕೇಳುತ್ತದೆ. ಅಲ್ಲಿ ರೀಡ್ ಕಚ್ಚಿದರೆ ಶ್ರುತಿ ಏರುತ್ತದೆ, ಬಿಟ್ಟರೆ ಸ್ವರವೇ ಬರುವುದಿಲ್ಲ. ತೀರ್ಪುಗಾರರು ಮೊದಲು ಕೇಳುವುದು ತಾಳ, ಆಮೇಲೆ ಶ್ರುತಿ, ನಾದ ಅದರ ನಂತರ. ಭಾವ ಚೆನ್ನಾಗಿತ್ತು, ತಾಳ ಸ್ವಲ್ಪ ಓಡಿತು ಎಂಬವರು ಮುಂದಿನ ಸುತ್ತಿಗೆ ಹೋಗುವುದಿಲ್ಲ. ಹಾಗಾಗಿ ತಯಾರಿಯ ವಾರಗಳಲ್ಲಿ ದಿನಾ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮೆಟ್ರೊನೋಮ್ ಹಾಕಿ ಕೇಳಿ. ವಾದ್ಯ ಬೆಚ್ಚಗಾಗುವ ಮೊದಲೇ, ಒಂದೇ ಪ್ರಯತ್ನದಲ್ಲಿ, ತುಣುಕುಗಳ ಕ್ರಮವನ್ನು ಕಲಸಿ ನುಡಿಸಿ ನೋಡಿ. ಅಲ್ಲಿ ಎರಡನೆಯ ಅವಕಾಶ ಇರುವುದಿಲ್ಲ.

ಆಯ್ಕೆಯಾದ ಮೇಲೂ ಪರೀಕ್ಷಾ ಅವಧಿ ಉಂಟು. ಜರ್ಮನಿಯಲ್ಲಿ ಸಾಮಾನ್ಯವಾಗಿ ಒಂದು ವರ್ಷ, ಕೊನೆಗೆ ಸಹವಾದಕರೇ ಮತ ಹಾಕುತ್ತಾರೆ. ಜರ್ಮನಿಯ ಕ್ಲಾರಿನೆಟ್ ವಾದಕಿ ಸಬೀನೆ ಮಯರ್ ಅವರ ಪ್ರಕರಣ ನಿಮಗೆ ಗೊತ್ತಿರಬೇಕು. 1982ರಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಕರಾಯನ್, ಮಯರ್ ಅವರನ್ನು ತಮ್ಮ ಬರ್ಲಿನ್ ಫಿಲ್ಹಾರ್ಮೋನಿಕ್‌ಗೆ ತಂದರು. ಅವರ ನಾದ ಉಳಿದವರ ಜೊತೆ ಬೆರೆಯುವುದಿಲ್ಲ ಎಂಬುದು ಆರ್ಕೆಸ್ಟ್ರಾ ಕೊಟ್ಟ ಕಾರಣ, ಮತದಾನದಲ್ಲಿ 73–4ರಿಂದ ಬೇಡವೆಂದರು. ಆ ಆರ್ಕೆಸ್ಟ್ರಾದಲ್ಲಿ ಹೆಂಗಸರು ಆಗಷ್ಟೇ ಕಾಲಿಡುತ್ತಿದ್ದ ಕಾಲ ಅದು, ಹಾಗಾಗಿ ನಾದ ಒಂದೇ ಕಾರಣವೆಂದು ಎಲ್ಲರೂ ನಂಬಲಿಲ್ಲ. 1983ರಲ್ಲಿ ಅವರು ಹೊರಬಂದರು. ಅದೇ ವರ್ಷ ತಮ್ಮ ಸಹೋದರ ಮತ್ತು ಪತಿಯ ಜೊತೆ ಕ್ಲಾರಿನೆಟ್ ಕುಟುಂಬದ ವಾದ್ಯಗಳ ಮೂವರ ತಂಡ ಕಟ್ಟಿದರು, ಏಕವಾದಕಿಯಾಗಿ ಜಗತ್ತು ಸುತ್ತಿದರು. ಕುರ್ಚಿ ತಪ್ಪಿದರೂ ವೃತ್ತಿ ತಪ್ಪಲಿಲ್ಲ. ಆದರೆ ಅಂಥ ದಾರಿ ಎಲ್ಲರಿಗೂ ತೆರೆದಿರುತ್ತದೆ ಎಂದು ನಾನು ಮಕ್ಕಳಿಗೆ ಹೇಳಲಾರೆ. ಪಿಟೀಲಿಗೆ, ಪಿಯಾನೋಗೆ ಇರುವಷ್ಟು ಕನ್ಚರ್ಟೋ ಕಚೇರಿಗಳು ಕ್ಲಾರಿನೆಟ್ಟಿಗೆ ಇಲ್ಲ. ಹೆಚ್ಚಿನವರು ಆರ್ಕೆಸ್ಟ್ರಾ ಕೆಲಸ, ಚೇಂಬರ್ ಸಂಗೀತ (ಕೆಲವೇ ಮಂದಿಯ ತಂಡದ ವಾದನ), ಪಾಠ, ಮೂರನ್ನೂ ಸೇರಿಸಿ ಬದುಕುತ್ತಾರೆ.

ಏಕವಾದಕರಾಗಬೇಕೆಂದರೆ ಹೊಸ ಕೃತಿ ಬರೆಸುವುದೂ ಕೆಲಸದ ಭಾಗ. ಈ ವಾದ್ಯದ ಚರಿತ್ರೆಯೇ ಹಾಗೆ. ಕ್ಲಾರಿನೆಟ್ ವಾದಕ ಆಂಟನ್ ಸ್ಟಾಡ್ಲರ್ ಇದ್ದದ್ದಕ್ಕೆ 1791ರ ಮೊಜಾರ್ಟ್ ಕನ್ಚರ್ಟೋ, ಹೈನ್ರಿಖ್ ಬೇರ್ಮನ್ ಇದ್ದದ್ದಕ್ಕೆ 1811ರ ವೇಬರ್ ಕನ್ಚರ್ಟೋಗಳು. ಬರೆಯುವುದು ಸಾಕೆಂದುಕೊಂಡಿದ್ದ ಬ್ರಾಮ್ಸ್ ಮತ್ತೆ ಲೇಖನಿ ಹಿಡಿದದ್ದು ಮ್ಯೂಲ್‌ಫೆಲ್ಡ್‌ನ ಕ್ಲಾರಿನೆಟ್ ಕೇಳಿ. ಬೆನ್ನಿ ಗುಡ್‌ಮನ್ ತಾನೇ ದುಡ್ಡು ಕೊಟ್ಟು ಕಾಪ್ಲಂಡ್‌ನಿಂದ ಕನ್ಚರ್ಟೋ ಬರೆಸಿದ. ಅಂದ ಹಾಗೆ ಮೊಜಾರ್ಟ್ ಬರೆದದ್ದು ಸ್ಟಾಡ್ಲರನ ಉದ್ದ ಮಾಡಿದ ವಾದ್ಯಕ್ಕೆ. ಅದು ಮಾಮೂಲಿ ಕ್ಲಾರಿನೆಟ್ಟಿನ ಕೆಳಗಿನ ಇ ಸ್ವರವನ್ನೂ ದಾಟಿ ಸಿ ತನಕ ಇಳಿಯುತ್ತಿತ್ತು. ಕೈಬರಹದ ಪ್ರತಿ ಕಳೆದುಹೋಗಿ, ಮಾಮೂಲಿ ವಾದ್ಯಕ್ಕೆ ತಿದ್ದಿದ ಮುದ್ರಿತ ಪ್ರತಿಯಷ್ಟೇ ಉಳಿಯಿತು. ಈಗಿನ ಬಹಳಷ್ಟು ಏಕವಾದಕರು ಆ ಕೃತಿಗೆಂದೇ ಬ್ಯಾಸೆಟ್ ಕ್ಲಾರಿನೆಟ್ ಇಟ್ಟುಕೊಳ್ಳುತ್ತಾರೆ. ಪೆಟ್ಟಿಗೆಗೆ ಮೂರನೆಯ ವಾದ್ಯ ಸೇರಿತು.

ದುಡ್ಡಿನ ಲೆಕ್ಕ ಮುಚ್ಚಿಡಬಾರದು. ಜರ್ಮನಿಯಲ್ಲಿ ಒಂದು ಕಚೇರಿಗೆ 3,000 ಯೂರೋ ಸಂಭಾವನೆ ಎಂದು ಇಟ್ಟುಕೊಳ್ಳಿ. ವಿದೇಶಿ ಕಲಾವಿದರಿಂದ ಅಲ್ಲಿ ಶೇಕಡಾ 15 ತೆರಿಗೆ, ಅದರ ಮೇಲೆ ಸಣ್ಣ ಸರ್‌ಚಾರ್ಜ್, ಒಟ್ಟು 15.825. ಅದಕ್ಕೆ 475 ಹೋಯಿತು. ಏಜೆಂಟರಿಗೆ ಶೇಕಡಾ 20 ಆದರೆ 600. ವಿಮಾನ 800, ಎರಡು ರಾತ್ರಿ ಹೋಟೆಲು 250. ಕೈಗೆ ಉಳಿಯುವುದು ಸುಮಾರು 875. ಹಾಗಾಗಿ ಕರಾರು ಮಾಡುವಾಗಲೇ ಪ್ರಯಾಣದ ಖರ್ಚನ್ನು ಸಂಭಾವನೆಯಿಂದ ಬೇರೆಯಾಗಿ ಬರೆಸಿ. ಸಂಘಟಕರು ಪ್ರತ್ಯೇಕವಾಗಿ ಕೊಡುವ ನಿಜವಾದ ಪ್ರಯಾಣ ವೆಚ್ಚ ಆ ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ. ತೆರಿಗೆ ಕಡಿತದ ಪ್ರಮಾಣಪತ್ರ ಕೇಳಿ ಪಡೆಯಿರಿ, ಅದಿಲ್ಲದೆ ಇಲ್ಲಿನ ತೆರಿಗೆಯಲ್ಲಿ ಅದನ್ನು ವಜಾ ಮಾಡಿಸಿಕೊಳ್ಳುವುದು ಕಷ್ಟ. ಒಂದು ಊರಿಗೆ ಹೋದಾಗ ಕಚೇರಿ ಒಂದೇ ಇಟ್ಟುಕೊಳ್ಳಬೇಡಿ, ಹತ್ತಿರದ ಎರಡು ಮೂರು ಊರುಗಳನ್ನೂ ಒಂದು ಮಾಸ್ಟರ್ ಕ್ಲಾಸನ್ನೂ ಸೇರಿಸಿದರೆ ಮಾತ್ರ ವಿಮಾನದ ಖರ್ಚು ಹಂಚಿಹೋಗುತ್ತದೆ. ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳಲ್ಲಿ 180 ದಿನದೊಳಗೆ 90 ದಿನ ಮಾತ್ರ ಇರಬಹುದು, ಸಂಭಾವನೆಯ ಕಚೇರಿ ಎಂದು ಅರ್ಜಿಯಲ್ಲೇ ಹೇಳಿ, ಕರಾರುಪತ್ರ ಲಗತ್ತಿಸಬೇಕು. ಅಮೆರಿಕಕ್ಕಾದರೆ ಅರ್ಜಿ ಹಾಕಬೇಕಾದವರು ಅಲ್ಲಿಯ ಸಂಘಟಕರು ಅಥವಾ ಏಜೆಂಟರು, ಅದೂ ತಿಂಗಳುಗಳ ಮೊದಲೇ.

ಮೈಯ ವಿಷಯ ಚಿಕ್ಕದಾಗಿ. ಕ್ಲಾರಿನೆಟ್ಟಿನ ಮುಕ್ಕಾಲು ಕಿಲೋ ತೂಕವೆಲ್ಲ ಬಲಗೈ ಹೆಬ್ಬೆರಳಿನ ಒಂದು ಗೆಣ್ಣಿನ ಮೇಲೆ. ಮಣಿಕಟ್ಟು ನೋಯತೊಡಗಿದರೆ ಕುತ್ತಿಗೆ ಪಟ್ಟಿ ಹಾಕಿ, ಹೆಬ್ಬೆರಳಿನ ಆಸರೆಯನ್ನು ಮೇಲಕ್ಕೆ ಸರಿಸಿ. ನೋವಿನಲ್ಲಿ ಅಭ್ಯಾಸ ಮಾಡುವುದು ಶ್ರದ್ಧೆ ಅಲ್ಲ.

ಮಕ್ಕಳು ಇಲ್ಲಿಂದ ಎಲ್ಲಿ ಶುರು ಮಾಡಬೇಕು ಅಂತ ಪೋಷಕರು ಕೇಳುತ್ತೀರಿ. ಬೆರಳು ರಂಧ್ರ ಮುಚ್ಚುವಷ್ಟು ಅಗಲವಾಗಿ, ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ಮೇಲೆ, ಒಂಬತ್ತು ಹತ್ತರ ವಯಸ್ಸಿಗೆ. ಮೊದಲ ವಾದ್ಯ ಎಬಿಎಸ್ ಪ್ಲಾಸ್ಟಿಕಿನದೇ ಇರಲಿ, ನಮ್ಮ ಮಳೆಗೆ ಅದೇ ಕ್ಷೇಮ. ಉಳಿದ ದುಡ್ಡನ್ನು ಒಳ್ಳೆಯ ಎಬೊನೈಟ್ ಮೌತ್‌ಪೀಸಿಗೆ ಹಾಕಿ, ನಾದದ ಹೆಚ್ಚಿನ ಭಾಗ ಇರುವುದು ಅಲ್ಲಿ. ದಿನಾ ಹದಿನೈದು ನಿಮಿಷ ದೀರ್ಘ ಸ್ವರ, ಆಮೇಲೆ ಎಲ್ಲ ಶ್ರುತಿಯ ಸ್ವರಾವಳಿ, ಅದರಲ್ಲೂ ಗಂಟಲ ಎ ಸ್ವರದಿಂದ ಮೇಲಿನ ಬಿ ಸ್ವರಕ್ಕೆ ದಾಟುವ ಜಾಗ. ಅಲ್ಲಿ ಒಂದು ಬೆರಳಿನಿಂದ ಒಮ್ಮೆಲೇ ಎಲ್ಲ ಬೆರಳಿಗೆ ಹೋಗಬೇಕು, ಬಲಗೈಯ ಬೆರಳುಗಳನ್ನು ಮೊದಲೇ ಮುಚ್ಚಿಟ್ಟುಕೊಂಡರೆ ಸುಲಭ. ಹದಿನೇಳರ ಹೊತ್ತಿಗೆ ಹೊರದೇಶದ ಸಂಗೀತ ಶಾಲೆಗೆ ವೀಡಿಯೊ ಕಳುಹಿಸಬೇಕಾಗುತ್ತದೆ. ಒಂದೇ ಓಟದಲ್ಲಿ, ಕತ್ತರಿಸದೆ, ಮುಖ, ಕೈ ಎರಡೂ ಕಾಣುವಂತೆ ಚಿತ್ರೀಕರಿಸಿ. ಹೆಂಚಿನ ಮಾಡಿನ ಕೆಳಗೆ ಮಳೆಯ ಸದ್ದು ಎಲ್ಲವನ್ನೂ ನುಂಗುತ್ತದೆ, ಆದ್ದರಿಂದ ಅಕ್ಟೋಬರ್ ಕಳೆದ ಮೇಲೆ ದಿನ ಇಟ್ಟುಕೊಳ್ಳಿ. ಎತ್ತರದ ಛಾವಣಿಯ ಹಾಲ್ ಸಿಕ್ಕಿದರೆ ಮೈಕನ್ನು ವಾದ್ಯದಿಂದ ಎರಡು ಮೂರು ಮೀಟರ್ ದೂರದಲ್ಲಿ, ತಲೆಗಿಂತ ಸ್ವಲ್ಪ ಎತ್ತರದಲ್ಲಿಡಿ, ಬೆಲ್ಲಿನ (ವಾದ್ಯದ ಅಗಲವಾದ ಕೆಳತುದಿಯ) ನೇರಕ್ಕೆ ಬೇಡ. ಪಿಯಾನೋ ಶ್ರುತಿ ಮಾಡಿಸುವುದು ಚಿತ್ರೀಕರಣದ ದಿನ ಬೆಳಿಗ್ಗೆಯೇ ಆಗಲಿ. ಹಿಂದಿನ ವಾರ ಮಾಡಿಸಿದ ಶ್ರುತಿ ಈ ಸೆಕೆಗೆ ನಿಲ್ಲುವುದಿಲ್ಲ.